ಬ್ರೇಕರ್ ಕಾಯುವುದು ಯಾರನ್ನು?

ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಹಲವರು ಈಗ ಮೊದಲ ಮನೆ ಕೊಳ್ಳುತ್ತಿದ್ದೀರಿ. ಮನೆಯ ಹಿಂದೆಯೇ ಎಲೆಕ್ಟ್ರಿಕ್ ಕಾರು. ಕಾರು ಬಂದ ಮೇಲೆ ಪ್ರಶ್ನೆ: ಪ್ಯಾನೆಲ್‌ನಿಂದ ಗ್ಯಾರೇಜಿಗೆ ಎಷ್ಟು ದಪ್ಪದ ವೈರ್ ಎಳೆಯಬೇಕು? ಕೆಲಸವನ್ನು ಎಲೆಕ್ಟ್ರಿಷಿಯನ್ನೇ ಮಾಡಲಿ. ಆದರೆ ಆತ ಬರೆದುಕೊಟ್ಟ ಕೊಟೇಶನ್ ಓದಿ ಅರ್ಥ ಮಾಡಿಕೊಳ್ಳುವಷ್ಟು ನಿಮಗೂ ಗೊತ್ತಿರಬೇಕು.

ವೈರ್ ಎಂದರೆ ನೀರಿನ ಪೈಪ್ ಇದ್ದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ. ಸಣ್ಣ ಪೈಪಿನಲ್ಲಿ ನೀರು ಕಡಿಮೆ ಬರುತ್ತದೆ, ಅಷ್ಟೇ. ಸಣ್ಣ ವೈರಿನಲ್ಲಿ ಕರೆಂಟ್ ಬಂದೇ ಬರುತ್ತದೆ, ವೈರ್ ಬಿಸಿಯಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆ ವೈರ್ ಇರುವುದು ಗೋಡೆಯ ಒಳಗೆ, ಮರದ ಚೌಕಟ್ಟಿಗೆ ತಾಗಿಕೊಂಡು.

ಬ್ರೇಕರ್ ಇರುವುದು ಈ ಕಾರಣಕ್ಕೆ. ಅದು ನಿಮ್ಮ ಮೈಕ್ರೋವೇವನ್ನು ಕಾಯುವುದಿಲ್ಲ, ಗೋಡೆಯೊಳಗಿನ ವೈರನ್ನು ಕಾಯುತ್ತದೆ. ಹಾಗಾಗಿ ಇವೆರಡಕ್ಕೂ ಜೋಡಿ ಇದೆ. ತಾಮ್ರದ ವೈರ್ ಆದರೆ 15 ಆಂಪ್ ಬ್ರೇಕರ್‌ಗೆ ಕನಿಷ್ಠ 14 ಗೇಜ್, 20ಕ್ಕೆ 12, 30ಕ್ಕೆ 10. ನಂಬರ್ ಇಳಿದಷ್ಟೂ ವೈರ್ ದಪ್ಪ. ಇದೇನು ಉಲ್ಟಾ ಲೆಕ್ಕ ಅನ್ನಿಸಬಹುದು. ನಮ್ಮ ಅಕ್ಕಸಾಲಿಗರು ಚಿನ್ನದ ತಂತಿಯನ್ನು ಕಂಬಚ್ಚು ಎಂಬ ಉಕ್ಕಿನ ಹಲಗೆಯ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಎಳೆದು ತೆಳ್ಳಗೆ ಮಾಡುತ್ತಾರಲ್ಲ, ಗೇಜ್ ನಂಬರ್ ಹುಟ್ಟಿದ್ದೂ ಅಂಥ ಕೆಲಸದಿಂದಲೇ. ಹೆಚ್ಚು ಸಲ ಎಳೆದಷ್ಟೂ ತಂತಿ ತೆಳ್ಳಗೆ, ನಂಬರ್ ದೊಡ್ಡದು.

ಈಗ ನಿಜವಾದ ಅಪಾಯದ ಮಾತು. ಹಬ್ಬದ ದಿನ ಒಂದೇ ಸರ್ಕ್ಯೂಟಿನಲ್ಲಿ ಇನ್‌ಸ್ಟಂಟ್ ಪಾಟ್, ಮೈಕ್ರೋವೇವ್ ಎರಡೂ ಓಡುತ್ತಿವೆ, ಬ್ರೇಕರ್ ಮತ್ತೆ ಮತ್ತೆ ಬೀಳುತ್ತಿದೆ. ಯಾರೋ ಹೇಳುತ್ತಾರೆ, "15 ತೆಗೆದು 20 ಹಾಕಿಬಿಡು, ಹತ್ತು ಡಾಲರಿನ ಕೆಲಸ." ಹಾಕಿದರೆ ಬೀಳುವುದು ನಿಲ್ಲುತ್ತದೆ, ನಿಜ. ಆದರೆ ಗೋಡೆಯೊಳಗೆ ಇರುವುದು ಅದೇ 14 ಗೇಜ್ ವೈರ್. ಕಾವಲುಗಾರ ಕಣ್ಣು ಮುಚ್ಚಿಕೊಂಡ, ಅಷ್ಟೇ. ದಿನವೂ ಬಿಸಿಯಾಗಿ ವೈರಿನ ಮೇಲಿನ ಪ್ಲಾಸ್ಟಿಕ್ ಪೆಡಸಾಗುತ್ತದೆ, ಬಿರುಕು ಬಿಡುತ್ತದೆ. ಇದು ಒಂದು ದಿನದಲ್ಲಿ ಆಗುವುದಿಲ್ಲ, ಆದ್ದರಿಂದಲೇ ಯಾರಿಗೂ ಕಾಣುವುದಿಲ್ಲ. ಬ್ರೇಕರ್ ದೊಡ್ಡದು ಮಾಡಬೇಕಾದರೆ ಆ ಸರ್ಕ್ಯೂಟಿನ ವೈರ್ ಪೂರ್ತಿ ದಪ್ಪ ಇರಬೇಕು. ಪ್ಯಾನೆಲ್ ಹತ್ತಿರ 12 ಕಂಡಿತು ಎಂದು ನಂಬಬೇಡಿ, ಮುಂದೆಲ್ಲೋ ಯಾರೋ 14 ಸೇರಿಸಿರಬಹುದು. ಅಳತೆ ಹಿಡಿಯಬೇಕಾದ್ದು ಅತಿ ತೆಳ್ಳಗಿನ ತುಂಡಿಗೆ. ಬೇಕಾದ್ದಕ್ಕಿಂತ ದಪ್ಪ ವೈರ್ ಹಾಕಿದರೆ ಮಾತ್ರ ತೊಂದರೆಯಿಲ್ಲ, ದುಡ್ಡು ಸ್ವಲ್ಪ ಹೆಚ್ಚು.

ಅಪ್ಪನ ಸಲಹೆಯ ಬಗ್ಗೆಯೂ ಒಂದು ಮಾತು. "ನಮ್ಮೂರಲ್ಲಿ ಎರಡೂವರೆ ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಎಲ್ಲಾ ನಡೆಯುತ್ತೆ" ಎನ್ನುತ್ತಾರೆ. ಅವರು ಹೇಳುವುದು ಅಲ್ಲಿಗೆ ಸರಿ. ಆದರೆ ಬೆಂಗಳೂರಿನಲ್ಲಿ 230 ವೋಲ್ಟ್, ಇಲ್ಲಿ ಮಾಮೂಲಿ ಪ್ಲಗ್ಗಿನಲ್ಲಿ 120. ಒಂದು 1500 ವ್ಯಾಟ್ ಹೀಟರ್ ಅಲ್ಲಿ ಸುಮಾರು 6.5 ಆಂಪ್ ಎಳೆದರೆ ಇಲ್ಲಿ 12.5 ಎಳೆಯುತ್ತದೆ. ಅಷ್ಟೇ ದಪ್ಪದ ವೈರಿನಲ್ಲಿ ಬಿಸಿ ಮೂರೂವರೆ ಪಟ್ಟಿಗೂ ಹೆಚ್ಚು. ಅಂದಹಾಗೆ, ಆ ಎರಡೂವರೆ ಸ್ಕ್ವೇರ್ ಇಲ್ಲಿನ 14 ಮತ್ತು 12 ಗೇಜ್‌ಗಳ ನಡುವೆ ಬರುತ್ತದೆ.

ಸರಿ, ಕಾರಿಗೆ ಬರೋಣ. ನಿಮ್ಮ ಚಾರ್ಜರ್ 48 ಆಂಪ್ ಎಳೆಯುತ್ತದೆ ಎನ್ನಿ. ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಓಡುವ ಲೋಡಿಗೆ ಇಲ್ಲಿನ ಎಲೆಕ್ಟ್ರಿಕಲ್ ಕೋಡ್ ಶೇಕಡಾ 25 ಸೇರಿಸಿ ಲೆಕ್ಕ ಹಾಕು ಎನ್ನುತ್ತದೆ. ಕಾರಿನ ಚಾರ್ಜರನ್ನು ಯಾವಾಗಲೂ ಹೀಗೇ ಎಣಿಸಬೇಕು. 48ಕ್ಕೆ 12 ಸೇರಿ 60. ಅಂದರೆ 60 ಆಂಪ್ ಬ್ರೇಕರ್, 60 ಆಂಪ್ ತಡೆಯುವ ವೈರ್. ಅಂಗಡಿಗೆ ಹೋದರೆ "6 ಗೇಜ್ ತಾಮ್ರ ಸಾಕು" ಎಂದು ರೋಮೆಕ್ಸ್ ಸುರುಳಿ ಕೈಗಿಡುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ. ಅದೇ 6 ಗೇಜ್ ತಾಮ್ರವನ್ನು ಬಿಡಿ ವೈರುಗಳಾಗಿ ಕಾಂಡ್ಯೂಟ್ ಪೈಪಿನಲ್ಲಿ ಎಳೆದರೆ, ಎರಡೂ ತುದಿಯ ಸ್ಕ್ರೂಗಳು 75 ಡಿಗ್ರಿ ಸೆಲ್ಸಿಯಸ್‌ಗೆ ತಕ್ಕವಾಗಿದ್ದರೆ, 65 ಆಂಪ್ ಲೆಕ್ಕ. ರೋಮೆಕ್ಸ್‌ಗೆ ಕೋಡ್ 60 ಡಿಗ್ರಿಯ ಕಾಲಂ ನೋಡು ಎನ್ನುತ್ತದೆ, ಅಲ್ಲಿ ಅದು 55 ಮಾತ್ರ. ತಾಮ್ರ ಒಂದೇ, ದಪ್ಪ ಒಂದೇ, ಲೆಕ್ಕ ಬೇರೆ. ಇಡೀ ರಾತ್ರಿ ಪೂರ್ತಿ ಲೋಡಿನಲ್ಲಿ ಓಡುವ ಸರ್ಕ್ಯೂಟ್ ಮನೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ, ಆದ್ದರಿಂದ ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ.

ದಾರಿಗಳಿವೆ. ಕಾಂಡ್ಯೂಟ್ ಹಾಕಿಸಬಹುದು, ಇಲ್ಲವೇ 4 ಗೇಜ್ ರೋಮೆಕ್ಸ್ ಎಳೆಸಬಹುದು. ನನ್ನನ್ನು ಕೇಳಿದರೆ, ಚಾರ್ಜರನ್ನೇ 40 ಆಂಪ್‌ಗೆ ಇಳಿಸಿ ಸೆಟ್ ಮಾಡಿಸಿ, 50 ಆಂಪ್ ಬ್ರೇಕರ್ ಹಾಕಿಸಿ. ಆಗ 6 ಗೇಜ್ ರೋಮೆಕ್ಸೇ ನಡೆಯುತ್ತದೆ. 240 ವೋಲ್ಟಿನಲ್ಲಿ 40 ಆಂಪ್ ಎಂದರೆ ಗಂಟೆಗೆ 9.6 ಯೂನಿಟ್. ಎಂಟು ಗಂಟೆ ನಿದ್ದೆ ಮಾಡಿ ಏಳುವಷ್ಟರಲ್ಲಿ 76 ಯೂನಿಟ್. ಎಷ್ಟು ದೂರದ ಆಫೀಸಿದ್ದರೂ ಸಾಕು.

ದೂರವೂ ಲೆಕ್ಕಕ್ಕೆ ಬರುತ್ತದೆ. ಹಿತ್ತಲಿನ ಶೆಡ್ ಪ್ಯಾನೆಲ್‌ನಿಂದ 100 ಅಡಿ ದೂರ ಇದ್ದು, 12 ಗೇಜ್‌ನಲ್ಲಿ 16 ಆಂಪ್ ಎಳೆದರೆ ದಾರಿಯಲ್ಲೇ ಐದು ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ, 120ರಲ್ಲಿ ಶೇಕಡಾ 4ಕ್ಕಿಂತ ಮೇಲೆ. ಶೇಕಡಾ 3ರ ಆಸುಪಾಸಿನಲ್ಲಿರಲಿ ಎಂಬುದು ಕೋಡಿನ ಸಲಹೆ. ಅಲ್ಲಿಗೆ 10 ಗೇಜ್ ಎಳೆಸಿ.

ಕೊಟೇಶನ್ ಬಂದಾಗ ಹೀಗೆ ಕೇಳಿ: ವೈರ್ ಯಾವ ಗೇಜ್? ರೋಮೆಕ್ಸೋ ಕಾಂಡ್ಯೂಟೋ? ಚಾರ್ಜರ್ ಎಷ್ಟು ಆಂಪ್‌ಗೆ ಸೆಟ್ ಮಾಡುತ್ತೀರಿ? ಇಡೀ ಮನೆಯ ಲೋಡ್ ಲೆಕ್ಕ ಹಾಕಿದ್ದೀರಾ, ಪರ್ಮಿಟ್ ಯಾರು ತೆಗೆಸುತ್ತಾರೆ? ಮುಖ ಸಿಂಡರಿಸದೆ ಉತ್ತರಿಸುವವರಿಗೇ ಕೆಲಸ ಕೊಡಿ. ಮತ್ತು ನೋಡೋಣ ಎಂದು ನೀವೇ ಪ್ಯಾನೆಲ್‌ನ ಒಳಮುಚ್ಚಳ ಬಿಚ್ಚಬೇಡಿ. ಮೇನ್ ಬ್ರೇಕರ್ ಆಫ್ ಮಾಡಿದ ಮೇಲೂ ಮೀಟರಿನಿಂದ ಅದಕ್ಕೆ ಬರುವ ದಪ್ಪ ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ.