ಉಸಿರೆಳೆದು ಕೂಗುವ ರೆಕ್ಕೆ

ಸೆಸ್ನಾ 172 ವಿಮಾನದ ಎಡರೆಕ್ಕೆಯ ಮುಂದಿನ ಅಂಚಿನಲ್ಲೊಂದು ತೂತಿದೆ. ಅದರ ಹಿಂದೆ ವೈರಿಲ್ಲ, ಬ್ಯಾಟರಿಯಿಲ್ಲ, ಕಂಪ್ಯೂಟರಂತೂ ಇಲ್ಲವೇ ಇಲ್ಲ! ಒಂದು ಕೊಳವೆ, ಅದರ ತುದಿಗೆ ಹಾರ್ಮೋನಿಯಂನಲ್ಲಿ ಇರುವಂಥದೇ ಒಂದು ರೀಡ್. ಹಾರುವ ಮುಂಚೆ ಪೈಲಟ್ ತೂತಿಗೆ ಕರವಸ್ತ್ರ ಹಿಡಿದು, ಬಾಯಿಟ್ಟು ಗಾಳಿ ಎಳೆಯುತ್ತಾನೆ. ಪೀಂ ಎಂದಿತೋ, ಸ್ಟಾಲ್ ಎಚ್ಚರಿಕೆ ಸರಿಯಿದೆ!

ಆಕಾಶದಲ್ಲಿ ಎಳೆಯುವವರು ಯಾರು? ರೆಕ್ಕೆಯೇ! ಎದುರುಗಾಳಿ ಮೇಲಕ್ಕೂ ಕೆಳಕ್ಕೂ ಸೀಳುವ ಜಾಗವೊಂದು ಅಂಚಿನಲ್ಲಿದೆಯಲ್ಲ, ಮೂತಿ ಎತ್ತಿದಷ್ಟೂ ಅದು ಕೆಳಕ್ಕೆ ಜಾರುತ್ತದೆ. ತೂತಿನೆದುರು ಒತ್ತಡ ಕುಸಿದು ರೀಡಿನ ಮೂಲಕ ಗಾಳಿ ಹೊರಕ್ಕೆ ಸೆಳೆದು ಹೋಗುತ್ತದೆ. ಸ್ಟಾಲ್‌ಗೆ ಐದರಿಂದ ಹತ್ತು ನಾಟ್ ಮೊದಲೇ ಕೂಗು!

ಸ್ಟಾಲ್ ಆದಾಗ ನಿಲ್ಲುವುದು ಎಂಜಿನ್ ಅಲ್ಲ. ರೆಕ್ಕೆ ಗಾಳಿಗೆ ಸುಮಾರು 15 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ. ಆಗ ಬೀಳುತ್ತಿರುವವನ ಕೈ ಮೂತಿಯನ್ನು ಮೇಲಕ್ಕೆ ಎಳೆಯಲು ತವಕಿಸುತ್ತದೆ. ಬದುಕಬೇಕೆಂದರೆ ನೆಲದ ಕಡೆಗೇ ತಳ್ಳಬೇಕು!

ಅದಕ್ಕೇ ಬೋಯಿಂಗ್‌ಗಳಲ್ಲಿ ಸ್ಟಿಕ್ ಶೇಕರ್ ಇದೆ. ಮೋಟಾರಿಗೆ ವಾಲಿಸಿ ಕಟ್ಟಿದ ತೂಕ ತಿರುಗಿ, ಪೈಲಟ್ ಹಿಡಿದ ಕಂಬವೇ ಗಡಗಡ ನಡುಗುತ್ತದೆ. ಇನ್ನು ಕೆಲವು ವಿಮಾನಗಳು ಕಾಯುವುದೂ ಇಲ್ಲ, ತಾವೇ ತಳ್ಳಿಬಿಡುತ್ತವೆ. ಈ ಸ್ಟಿಕ್ ಪುಶರ್‌ಗೆ ಸಾವಿನ ಇತಿಹಾಸವಿದೆ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಿಎಸಿ ಒನ್-ಇಲೆವೆನ್ ಪರೀಕ್ಷಾ ಹಾರಾಟದಲ್ಲಿ ಬಿದ್ದು ಏಳು ಮಂದಿ ತೀರಿಕೊಂಡರು. ಬಾಲದ ನೆತ್ತಿಯ ಮೇಲಿದ್ದ, ಮೂತಿ ಏರಿಳಿಸುವ ಎಲಿವೇಟರ್, ರೆಕ್ಕೆಯಿಂದ ಕಿತ್ತ ಗಾಳಿಯಲ್ಲಿ ಮುಳುಗಿತ್ತು. ಎಷ್ಟು ತಳ್ಳಿದರೂ ಮೂತಿ ಇಳಿಯಲೇ ಇಲ್ಲ. ಹಾಗಾಗಿ ಆ ಸ್ಥಿತಿಗೆ ತಲುಪುವ ಮುಂಚೆಯೇ ತಳ್ಳುವ ಯಂತ್ರ ಬಂತು.

ನನ್ನನ್ನು ದಂಗುಬಡಿಸಿದ್ದು ಮಾತ್ರ 2009ರ ಏರ್ ಫ್ರಾನ್ಸ್ 447. ಅಟ್ಲಾಂಟಿಕ್ ಮೇಲೆ ವೇಗ ಅಳೆಯುವ ಕೊಳವೆಗಳಿಗೆ ಹಿಮ ಕಟ್ಟಿತು, ಆಟೋಪೈಲಟ್ ಕೈಬಿಟ್ಟಿತು, ಪೈಲಟ್ ಮೂತಿ ಎತ್ತಿದ. ಏರ್‌ಬಸ್‌ನ ಧ್ವನಿ ‘ಸ್ಟಾಲ್, ಸ್ಟಾಲ್’ ಎಂದು ಹೇಳುತ್ತಲೇ ಇತ್ತು. ಆಮೇಲೆ ಅಳತೆಯ ವೇಗ 60 ನಾಟ್‌ಗಿಂತ ಇಳಿಯಿತು. ಇಷ್ಟು ಕಡಿಮೆ ವೇಗದಲ್ಲಿ ರೆಕ್ಕೆ ಗಾಳಿಗೆ ಓರೆಯಾದ ಕೋನದ ಲೆಕ್ಕ ನಂಬಲಾಗದೆಂದು ವ್ಯವಸ್ಥೆ ಸುಮ್ಮನಾಯಿತು. ಮೂತಿ ಇಳಿಸಿದಾಗ ಲೆಕ್ಕ ಮತ್ತೆ ನಂಬುವಂತಾಗಿ ಧ್ವನಿ ಮರಳಿತು! ಸರಿ ಮಾಡಿದರೆ ಕೂಗು, ತಪ್ಪು ಮಾಡಿದರೆ ಮೌನ. 228 ಜನ ಹೋದರು.

ಹಿಂದೆ ತರಬೇತಿಯಲ್ಲಿ ಸ್ಟಾಲ್ ಸುಳಿವು ಸಿಕ್ಕೊಡನೆ ಪೂರ್ತಿ ಥ್ರಸ್ಟ್ ಕೊಟ್ಟು, ಎತ್ತರ ಆದಷ್ಟೂ ಕಳೆದುಕೊಳ್ಳದಂತೆ ಹೇಳಿಕೊಡುತ್ತಿದ್ದರು. ಈಗ ಸಿಮ್ಯುಲೇಟರ್‌ನಲ್ಲಿ ಮೊದಲ ಪಾಠವೇ ಬೇರೆ: ಮೂತಿ ಇಳಿಸಿ, ಎತ್ತರ ಹೋದರೆ ಹೋಗಲಿ.