ಕೋವಿ ಗೋಡೆಯ ಮೇಲಿದೆ, ನಿದ್ದೆ ಎಲ್ಲಿ?

ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತು ನೋಡಿ. ವಿರಾಜಪೇಟೆ ಬಸ್ಸಿಗೋ ಸೋಮವಾರಪೇಟೆ ಬಸ್ಸಿಗೋ ಕಾದು ನಿಂತವರ ನಡುವೆ ಒಬ್ಬರಾದರೂ ‘ಮಿಲಿಟರಿಯವರು’ ಸಿಕ್ಕೇ ಸಿಗುತ್ತಾರೆ. ನೆಟ್ಟಗಿನ ಬೆನ್ನು, ತೀಡಿದ ಮೀಸೆ, ಕೈಯಲ್ಲಿ ಕ್ಯಾಂಟೀನಿನ ಚೀಲ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆಯಲ್ಲವೇ ಇದು! ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ 2021ರಲ್ಲಿ ಮ್ಯೂಸಿಯಂ ಆಯಿತು, ಜನ ಬಂದು ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಶೌರ್ಯದ ಪಾಠ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಚಿಲಕವನ್ನು ಮೂರು ಸಲ ನೋಡಿ ಬರುವವರ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಪರಿಚಯದ ಅಂಗಡಿಯವರೊಬ್ಬರು ಹೇಳಿದ ಸಂಗತಿ ಕೇಳಿ. ಹುತ್ತರಿಯ ರಾತ್ರಿ, ಗದ್ದೆಯಲ್ಲಿ ಕದಿರು ತೆಗೆಯುವ ಹೊತ್ತು. ಪದ್ಧತಿಯಂತೆ ಗುಂಡು ಹಾರಿತು. ಊರೆಲ್ಲ ‘ಪೊಲಿ ಪೊಲಿ ದೇವಾ’ ಎನ್ನುವಾಗ, ಗಡಿಯಲ್ಲಿ ವರ್ಷಗಟ್ಟಲೆ ಇದ್ದು ಬಂದ ಹವಾಲ್ದಾರರು ಮಾತ್ರ ಕಾಣಲಿಲ್ಲ. ಹುಡುಕಿದರೆ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಾರೆ, ಮೈಯೆಲ್ಲ ಬೆವರು. “ಏನಾಯ್ತು ಹವಾಲ್ದಾರ್ರೇ?” ಅಂದರೆ, “ಏನಿಲ್ಲ, ಹೊಗೆ ಆಯ್ತು” ಅಂದರಂತೆ. ಮರುದಿನ ಊರಲ್ಲಿ ಎಲ್ಲ ನಕ್ಕರು. ನಗುವ ವಿಷಯವೇ ಇದು?

ಸೇನೆಯಲ್ಲಿ ಸಿಪಾಯಿಯ ಕೆಲಸ ಮೂವತ್ತೈದು ನಲವತ್ತರ ಆಸುಪಾಸಿಗೆ ಮುಗಿಯುತ್ತದೆ. ಅಲ್ಲಿ ಊಟಕ್ಕೆ, ನಿದ್ದೆಗೆ, ಎದ್ದೇಳುವುದಕ್ಕೆ ಸೀಟಿ. ಇಲ್ಲಿ ಬಂದರೆ ತೋಟದ ಕೂಲಿಯವರೂ ಮಾತು ಕೇಳುವುದಿಲ್ಲ, ಮಕ್ಕಳಿಗೆ ಅಪ್ಪ ಹೊಸಬ. ಹೆಂಡತಿ ಇಷ್ಟು ವರ್ಷ ಒಬ್ಬಳೇ ಅತ್ತೆ ಮಾವ, ಸ್ಕೂಲು, ಬ್ಯಾಂಕು ಎಲ್ಲ ನೋಡಿಕೊಂಡವಳು. ಈಗ ಅವರಿಗೂ ಇವಳಿಗೂ ಯಾರ ಮಾತು ನಡೆಯಬೇಕೆಂಬುದೇ ಜಗಳ. ಗಂಡ ಇನ್ನೂ ಸರ್ವೀಸಿನಲ್ಲಿರುವವಳ ಪಾಡಂತೂ ಬೇರೆ. ಅಪರಾತ್ರಿಯಲ್ಲಿ ಫೋನ್ ರಿಂಗಾದರೆ ಎದೆ ಧಸಕ್ ಎನ್ನುತ್ತದೆ. ಅವಳಿಗೆ ಯಾವ ಪದಕವೂ ಇಲ್ಲ.

ಕೇಂದ್ರ ಸರಕಾರವೇ 2022ರ ಜುಲೈನಲ್ಲಿ ರಾಜ್ಯಸಭೆಗೆ ಕೊಟ್ಟ ಲೆಕ್ಕ: ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳು ಸೇರಿ 819 ಆತ್ಮಹತ್ಯೆ. ಭೂಸೇನೆಯೊಂದರಲ್ಲೇ 642. ಇದು ಕೆಲಸದಲ್ಲಿದ್ದವರ ಲೆಕ್ಕ. ಪೆನ್ಷನ್ ಪುಸ್ತಕ ಹಿಡಿದು ಊರಿಗೆ ಬಂದವರು ಇದರಲ್ಲಿ ಸೇರಿಲ್ಲ.

ಹಾಗಾದರೆ ಡಾಕ್ಟರ ಹತ್ತಿರ ಹೋಗಬಾರದೇ? ಅಲ್ಲೇ ಇರುವುದು ಗಂಟು. ಸೇನೆಯ ವೈದ್ಯಕೀಯ ದರ್ಜೆಗೆ ‘ಶೇಪ್’ ಎಂಬ ಐದಕ್ಷರದ ಅಳತೆ ಇದೆ. ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಎಲ್ಲ ಆಮೇಲೆ. ಮೊದಲ ಅಕ್ಷರ ‘ಎಸ್’ ಮನಸ್ಸಿಗೆ. ಆ ಅಕ್ಷರದಲ್ಲಿ ದರ್ಜೆ ಇಳಿದರೆ ಪ್ರಮೋಷನ್ನಿಗೆ ಕುತ್ತು ಎಂಬ ಹೆದರಿಕೆಯಿಂದ ಸರ್ವೀಸಿನಲ್ಲಿದ್ದಾಗ ಬಾಯಿ ಬಿಡುವುದಿಲ್ಲ. ಅದೇ ಅಭ್ಯಾಸ ಊರಿಗೂ ಬರುತ್ತದೆ. ಜೊತೆಗೆ ಕ್ಯಾಂಟೀನಿನ ರಮ್ಮು. ಎರಡು ಪೆಗ್ಗಿಗೆ ನಿದ್ದೆ ಬರುತ್ತದೆ ನಿಜ, ಮೂರನೇ ತಿಂಗಳಿಗೆ ನಾಲ್ಕು ಬೇಕಾಗುತ್ತದೆ.

ಬಿ.ಪಿ., ಹಲ್ಲುನೋವು ಅಂತ ಮಾಜಿ ಸೈನಿಕರು ಇ.ಸಿ.ಎಚ್.ಎಸ್. ಕ್ಲಿನಿಕ್ಕಿಗೆ ಹೋಗುತ್ತಾರಷ್ಟೆ. 2003ರಲ್ಲಿ ಶುರುವಾದ ಈ ಯೋಜನೆಯಲ್ಲಿ ಅದೇ ಕಾರ್ಡಿಗೆ ಮನೋವೈದ್ಯರಿಗೂ ಚೀಟಿ ಬರೆಸಿಕೊಳ್ಳಬಹುದು, ಹೆಂಡತಿಗೂ ಸಹ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಇನ್ನೊಂದು, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್. ನಂಬರು 14416. ಕಾಸು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಸೈನಿಕರಿಗೂ ಅವರ ಮನೆಯವರಿಗೂ ಎಂದೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಲ್ಲಿ ಇದರ ಪ್ರತ್ಯೇಕ ವಿಭಾಗ ತೆರೆದರು. ಬೋರ್ಡಿನ ಮೇಲೆ ‘ಮಿಲಿಟರಿ ಹೋಟೆಲ್’ ಎಂದು ದೊಡ್ಡಕ್ಷರದಲ್ಲಿ ಬರೆಸುವ ನಾವು ಈ ಐದು ಅಂಕಿಯನ್ನು ಗೋಡೆಗೆ ಅಂಟಿಸಿದರೆ ಗಿರಾಕಿ ಕಮ್ಮಿಯಾಗುತ್ತಾರೆಯೇ?

ಇನ್ನು ಹೇಳಲು ಕಷ್ಟವಾದ ಮಾತೊಂದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದ ಈ ವಿನಾಯಿತಿಯನ್ನು 2019ರಲ್ಲಿ ಕೇಂದ್ರ 2029ರ ತನಕ ಮುಂದುವರಿಸಿತು. ಕೋವಿ ನಮ್ಮ ದೇವರಕೋಣೆಯ ವಸ್ತು, ಕೈಲ್ ಪೊಳ್ದ್‌ಗೆ ಹೂವಿಟ್ಟು ಪೂಜಿಸುವಂಥದ್ದು. ಅದರ ಮೇಲೆ ನಮಗೇನೂ ಕೋಪವಿಲ್ಲ. ಆದರೆ ಮನೆಯ ಯಜಮಾನರು ನಿದ್ದೆಗೆಟ್ಟು, ಮಂಕು ಕವಿದು, “ನಾನಿದ್ದು ಏನು ಪ್ರಯೋಜನ” ಎನ್ನತೊಡಗಿದರೆ ಆ ಕೋವಿ ನಾಲ್ಕು ತಿಂಗಳು ಅಣ್ಣನ ಮನೆಯಲ್ಲೋ ಭಾವನ ಮನೆಯಲ್ಲೋ ಇರಲಿ. ತೋಟಾ ಇನ್ನೊಂದು ಕಡೆ. “ಸಾಯಬೇಕು ಅನ್ನಿಸ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬುದು ಸುಳ್ಳು ಭಯ ಎನ್ನುತ್ತಾರೆ ಮನೋವೈದ್ಯರು. ಕೇಳಿದರೆ ಎದೆ ಹಗುರಾಗುವುದೇ ಹೆಚ್ಚು.

ಆ ಹವಾಲ್ದಾರರ ಹೆಂಡತಿ ಮೊನ್ನೆ ಅಂಗಡಿಗೆ ಬಂದಿದ್ದರಂತೆ. ಸಕ್ಕರೆ, ಟೀಪುಡಿ ಕಟ್ಟಿಸಿಕೊಂಡು, ಜನ ಕಮ್ಮಿಯಾಗುವ ತನಕ ನಿಂತು, “ಅಣ್ಣ, ಆ ನಂಬರು ಒಂದು ಚೀಟಿಯಲ್ಲಿ ಬರೆದುಕೊಡಿ” ಅಂದರು. ಅಂಗಡಿಯವರು ಬರೆದುಕೊಟ್ಟರು. ಚೀಟಿಯನ್ನು ಟೀಪುಡಿ ಪೊಟ್ಟಣದೊಳಗೆ ಸಿಕ್ಕಿಸಿ ಐದೂವರೆ ಬಸ್ಸು ಹತ್ತಿದರಂತೆ.