ನಿಮಗಿದು ಗೊತ್ತೆ? ಟಸ್ಕನಿಯ ಕಿಯಾಂಟಿ, ಕೋಲಾರ ಸೀಮೆಯ ನೀಲಿ ದ್ರಾಕ್ಷಿ
ಇಟಲಿಯ ಟಸ್ಕನಿಯನ್ನಾಳುತ್ತಿದ್ದ ಮೂರನೆಯ ಕೊಸಿಮೊ 1716ರಷ್ಟು ಹಿಂದೆಯೇ ರಾಜಾಜ್ಞೆಯಿಂದ ಎಲ್ಲೆ ಗೊತ್ತುಮಾಡಿದ ಕಿಯಾಂಟಿ ಎಂಬ ಕೆಂಪು ದ್ರಾಕ್ಷಾಸವದ ಹೆಸರು, ಇಂದು ಐರೋಪ್ಯ ಒಕ್ಕೂಟದಲ್ಲಿ ಕಾನೂನುವಿಹಿತ ಸೀಮೆಯಾಚೆ ತಯಾರಾದುದಕ್ಕೆ ಸಲ್ಲದು. ತತ್ಸದೃಶವಾದ ಪ್ರಾದೇಶಿಕ ರಕ್ಷಣೆಯು, ಭಾರತದ 1999ರ ಭೌಗೋಳಿಕ ಸೂಚಕಗಳ ಕಾಯಿದೆಯನ್ವಯ, ಕೋಲಾರ ಜಿಲ್ಲೆಯಲ್ಲಿಯೂ ನೆರೆಯ ಚಿಕ್ಕಬಳ್ಳಾಪುರ, ಬೆಂಗಳೂರು ಜಿಲ್ಲೆಗಳಲ್ಲಿಯೂ ಬೆಳೆವ 'ಬೆಂಗಳೂರು ನೀಲಿ' ದ್ರಾಕ್ಷಿಗೆ ಲಭಿಸಿದೆ. ಆದರೆ ಅದು ಫಲಕ್ಕೇ ಹೊರತು ಅದರ ಆಸವಕ್ಕಲ್ಲ. ವಿನೋದವೆಂದರೆ, ನಮ್ಮಲ್ಲಿ ಹಣ್ಣಿನ ರಸಕ್ಕೂ ಸಿಹಿಯಾದ ಪೋರ್ಟ್ ವೈನಿಗೂ ಯಥೇಚ್ಛವಾಗಿ ಒದಗುವ ಈ ದ್ರಾಕ್ಷಿಯು ಅಮೆರಿಕ ಮೂಲದ ಇಸಬೆಲ್ಲಾ ತಳಿಗೆ ಅತಿ ನಿಕಟ ಬಂಧು. ಆ ಇಸಬೆಲ್ಲಾದಿಂದ ಇಳಿಸಿದ ಪಾನೀಯವನ್ನು ಇಟಲಿಯ ಅಂಗಡಿಯಲ್ಲಿ ವೈನೆಂದು ಮಾರುವುದಕ್ಕೆ ಐರೋಪ್ಯ ಒಕ್ಕೂಟದ ಕಾನೂನು ಸಮ್ಮತಿಸದು.